ಸೋಮವಾರ ಮಲಗಿದ ಗಂಟೆ

“ಇನ್ನೊಂದ್ಸಲ ಹೇಳು ತಾಯಿ,” ಅಂದೆ. “ಈ ಸಲ ನನ್ನ ತಲೆಗೆ ಹೋಗೋ ಹಾಗೆ ಹೇಳು.”

ಶ್ವೇತ ನನ್ನ ಮೇಜಿನ ಆಚೆ ಕೈಕಟ್ಟಿ ಕೂತಿದ್ದಳು. ಬೆಳಿಗ್ಗೆ ಅವಳನ್ನು ಬಂಧಿಸಿದವಳು ನಾನೇ, ಸಂಜೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಾದವಳೂ ನಾನೇ. ಇಬ್ಬರ ಮುಂದೆಯೂ ಚಹಾ ಆರಿ ಕೆನೆ ಕಟ್ಟಿತ್ತು.

ಸೋಮವಾರ ಮಾದಾಪುರದ ಹತ್ತಿರ ಬೆಳ್ಳಿಗುಡ್ಡ ಎಸ್ಟೇಟಿನಲ್ಲಿ ಒಂಟಿ ಸಲಗವೊಂದು ಕಾಮಾಕ್ಷಮ್ಮ ಎಂಬ ಕೆಲಸದಾಕೆಯನ್ನು ತುಳಿದು ಕೊಂದಿತ್ತು. ಆನೆ ಬಂದರೆ ಕೂಗಿ ಎಚ್ಚರಿಸಬೇಕಾದ ಸೈರನ್ ಅವತ್ತು ಉಸಿರೆತ್ತಿರಲಿಲ್ಲ. ಆ ಸೈರನ್ನಿನ ಹಿಂದಿನ ಕಂಪ್ಯೂಟರ್ ವ್ಯವಸ್ಥೆಯನ್ನೆಲ್ಲ ಕಟ್ಟಿ ನಿಲ್ಲಿಸಿದವಳು ಈ ಹುಡುಗಿ.

“ಎಸ್ಟೇಟಿನ ಅಂಚಲ್ಲಿ ಕ್ಯಾಮರಾ ಉಂಟು ಮೇಡಂ,” ಅಂದಳು. “ಏನಾದ್ರೂ ಅಲ್ಲಾಡಿದ್ರೆ ಫೋಟೊ ತೆಗೆದು ಕ್ಲೌಡಿಗೆ ಕಳಿಸ್ತದೆ. ಅಲ್ಲಿ ನಾವು ಬಾಡಿಗೆಗೆ ಹಿಡಿದಿರೋ ಮೆಷಿನ್‌ಗಳ ಗುಂಪು ಉಂಟು. ಕ್ಲಸ್ಟರ್ ಅಂತಾರೆ. ಅದನ್ನ ಎಸ್ಟೇಟಿನ ಲೈನ್ ಅಂತ ತಿಳ್ಕೊಳ್ಳಿ, ಆಳುಗಳಿರೋ ಸಾಲು ಕೋಣೆ. ಒಂದೊಂದು ಕೋಣೆ ಒಂದೊಂದು ಕಂಟೇನರ್.”

“ಕೋಣೇಲಿ ಯಾರಿರ್ತಾರೆ?”

“ಕೆಲಸ ಇಲ್ಲದಾಗ ಯಾರೂ ಇರೋದಿಲ್ಲ. ಅದಕ್ಕೇ ಆ ಮೆಷಿನ್‌ಗಳ ಮೇಲೆ ನಾನು ಬೇರೆ ಒಂದು ಪ್ಲಾಟ್‌ಫಾರಂ ಹಾಕಿದ್ದು. ಮುಂಚೆ ನಮ್ಮ ಪ್ರೋಗ್ರಾಂ ಹಗಲೂ ರಾತ್ರಿ ಎದ್ದು ಕೂತಿರ್ತಿತ್ತು, ಆನೆ ಬರಲಿ ಬಿಡಲಿ. ಬಾಡಿಗೆ ಸುಮ್ಮನೆ ಓಡ್ತಿತ್ತು. ಈಗ ಅದನ್ನ ಸಣ್ಣ ಸಣ್ಣ ಫಂಕ್ಷನ್ ಮಾಡಿ ಅಲ್ಲಿ ಡಿಪ್ಲಾಯ್ ಮಾಡಿದ್ದೇನೆ, ಒಂದೊಂದಕ್ಕೆ ಒಂದೊಂದು ಕೆಲಸ. ಫೋಟೊ ಬಂದ್ರೆ ಮಾತ್ರ ಒಂದು ಎದ್ದು ಬರ್ತದೆ, ಕೆಲಸ ಮಾಡ್ತದೆ, ಹೋಗಿ ಮಲಗ್ತದೆ.”

“ಕರೆದಾಗ ಮಾತ್ರ ಬರೋ ಆಳು.”

“ಹೂಂ, ಹಾಗೇ. ಮುಖ್ಯವಾದದ್ದು ಎರಡು. ಒಂದಕ್ಕೆ ‘ಕಣ್ಣು’ ಅಂತ ಹೆಸರಿಟ್ಟಿದ್ದೇನೆ. ಫೋಟೊದಲ್ಲಿರೋದು ಆನೆಯಾ, ದನವಾ ಅಂತ ಅದು ನೋಡ್ತದೆ. ಇನ್ನೊಂದು ‘ಗಂಟೆ’. ಕಣ್ಣು ಹೌದು ಅಂದ್ರೆ ಗಂಟೆ ಎದ್ದು ಸೈರನ್ ಹೊಡೀತದೆ.”

ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳರನ್ನು ಕಂಡಿದ್ದೇನೆ, ಕುಡುಕರನ್ನು ಕಂಡಿದ್ದೇನೆ, ಗಡಿ ಜಗಳದಲ್ಲಿ ಕೋವಿ ಎತ್ತಿದವರನ್ನು ಕಂಡಿದ್ದೇನೆ. ಮೋಡದಲ್ಲಿ ಲೈನ್ ಕಟ್ಟಿ ಆಳುಗಳನ್ನು ಮಲಗಿಸಿದ ಆರೋಪಿಯನ್ನು ಕಂಡದ್ದು ಇದೇ ಮೊದಲು. ರಜೆಗೆ ಬರೆದು ಹಾಕಿದ ಅರ್ಜಿ ಸಾಹೇಬರ ಮೇಜಿನ ಮೇಲೆ ಇನ್ನೂ ಹಾಗೇ ಬಿದ್ದಿದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿ ಹೋಗಿದೆ.

“ಸೋಮವಾರ ಗಂಟೆ ಯಾಕೆ ಏಳಲಿಲ್ಲ?”

“ಏಳಬೇಡ ಅಂತ ಹೇಳಿಟ್ಟಿತ್ತು. ಬೆಳಿಗ್ಗೆಯಿಂದ ಸಂಜೆ ತನಕ.”

“ಆ ಒಂದು ಸೋಮವಾರ ಮಾತ್ರವಾ?”

“ಇಲ್ಲ ಮೇಡಂ. ಪ್ರತಿ ಸೋಮವಾರ. ಮಳೆ ಬಿಟ್ಟಾಗಿಂದ ಹಾಗೇ ಉಂಟು.”

“ಹೇಳಿಟ್ಟವರು ಯಾರು?”

“ನಾನೇ.”

“ಯಾರು ಕೇಳಿದ್ರು ಅಂತ ಮಾಡಿದೆ?”

ಶ್ವೇತ ತುಟಿ ಬಿಗಿದಳು. ಬೆಳಿಗ್ಗೆಯಿಂದ ಈ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಅವಳದು ಇದೇ ಹಟ. ಬೇರೆ ಯಾವುದಕ್ಕೆ ಬೇಕಾದರೂ ಉತ್ತರ ಉಂಟು, ಇದಕ್ಕೆ ಇಲ್ಲ.

“ನೋಡು,” ಅಂದೆ. “ಯಾರೋ ಕೇಳಿದ್ರು, ಒಳ್ಳೇದಕ್ಕೇ ಅಂತ ಮಾಡಿದೆ ಅಂದ್ರೆ ಅದು ನಿರ್ಲಕ್ಷ್ಯ. ಠಾಣೇಲೇ ಜಾಮೀನು ಬರೆಸ್ಕೊಂಡು ಮನೆಗೆ ಕಳಿಸ್ತೀನಿ. ಗೊತ್ತಿದ್ದೂ ಬೇಕಂತಲೇ ಮಾಡಿದ್ದು ಅಂತ ಆದ್ರೆ ಇವತ್ತು ರಾತ್ರಿ ನೀನು ಮಲಗೋದು ಜೈಲಲ್ಲಿ. ನಿನ್ನ ಪಾಲುದಾರ ಬರೆದುಕೊಟ್ಟಿರೋದು ಎರಡನೇದು. ತಿಳೀತಾ?”

“ತಿಳೀತು ಮೇಡಂ,” ಅಂದಳು. ಅಷ್ಟೇ.

ಪಾಲುದಾರ ಪ್ರವೀಣ್ ಹೊರಗಿನ ಬೆಂಚಿನ ಮೇಲೆ ಮೊಬೈಲ್ ತಿಕ್ಕುತ್ತಾ ಕೂತಿದ್ದ. ಮಡಿಕೇರಿಯಲ್ಲಿ ಬಾಡಿಗೆ ಕೋಣೆ ಹಿಡಿದು ಇವರಿಬ್ಬರೂ ಸೇರಿ ಕಂಪೆನಿ ಮಾಡಿದ್ದರು. ಕಟ್ಟುವುದು ಅವಳ ಪಾಲು, ಎಸ್ಟೇಟಿನವರ ಹತ್ತಿರ ಹೋಗಿ ಮಾರುವುದು ಇವನ ಪಾಲು. ಇಸ್ತ್ರಿ ಮುರಿಯದ ಅಂಗಿ. ಸತ್ತವಳ ಹೆಸರನ್ನು ಎರಡು ಸಲ ತಪ್ಪು ಹೇಳಿದ.

“ಅವಳು ಕಂಪೆನಿ ಬಿಡ್ಬೇಕು ಅಂತಿದ್ಲು ಮೇಡಂ,” ಅಂದ. “ಬಿಡೋ ಮುಂಚೆ ನನ್ನ ಹೆಸರು ಕೆಡಿಸ್ಬೇಕು ಅಂತ ಹೀಗೆ ಮಾಡಿದಾಳೆ. ಕ್ಲಸ್ಟರ್ ಪೂರ್ತಿ ಅವಳ ಕೈಲಿರೋದು. ನನಗೆ ಒಳಗೆ ಹೋಗೋಕೂ ಬರಲ್ಲ.”

“ನೀವು ಯಾವ ಊರು?”

“ಬೆಂಗಳೂರು. ಯಾಕೆ?”

“ಒಂದು ಮಾತು ಹೇಳಿ. ಎಸ್ಟೇಟಲ್ಲಿ ಜನ ಇಲ್ಲದ ದಿನ ನೋಡಿ ಸೈರನ್ ಬಂದ್ ಮಾಡಿ ಅಂತ ನಿಮಗೆ ಹೇಳಿದ್ರೆ ಯಾವತ್ತು ಮಾಡ್ತೀರಿ?”

“ಭಾನುವಾರ. ರಜೆ ಇರತ್ತಲ್ಲ.” ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ ನನ್ನ ಮುಖ ನೋಡಿದ.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ನೆಲೆ ನಿಂತ ಬೇಸಾಯದ ಮನೆ. ನಮ್ಮಲ್ಲಿ ವಾರ ತಿರುಗುವುದು ಸಂತೆಯಿಂದ ಸಂತೆಗೆ. ಬೆಳ್ಳಿಗುಡ್ಡದವರಿಗೆ ಸೋಮವಾರಪೇಟೆಯೇ ಸಂತೆ, ಸೋಮವಾರವೇ ರಜೆ. ಅವತ್ತು ಕಾಫಿ ಹಣ್ಣಿನ ಪಿಕಿಂಗ್ ಇಲ್ಲ, ಗೊಬ್ಬರ ಇಲ್ಲ, ಲೈನಿನವರೆಲ್ಲ ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಭಾನುವಾರ ಅಲ್ಲಿ ಎಲ್ಲ ದಿನದ ಹಾಗೆ ಕೆಲಸ ನಡೆಯುತ್ತದೆ.

ಅಂದರೆ ಗಂಟೆಯನ್ನು ಮಲಗಿಸಿದವರು ತೋಟ ಖಾಲಿ ಇರುವ ದಿನವನ್ನೇ ಹುಡುಕಿ ಮಲಗಿಸಿದ್ದಾರೆ. ಯಾರನ್ನಾದರೂ ಕೊಲ್ಲಬೇಕು, ಯಾರದ್ದಾದರೂ ಹೆಸರು ಕೆಡಿಸಬೇಕು ಅನ್ನುವವರು ಆಳೇ ಇಲ್ಲದ ದಿನವನ್ನು ಯಾಕೆ ಆರಿಸುತ್ತಾರೆ? ಇದು ಎಸ್ಟೇಟಿನ ಒಳಗಿನವರು ಯಾರೋ ಕೇಳಿ ಮಾಡಿಸಿದ್ದು. ಯಾರೆಂದು ಆ ಹುಡುಗಿಗೆ ಗೊತ್ತಿದೆ, ಹೇಳುತ್ತಿಲ್ಲ.

ಇನ್ನೊಂದು ಗಂಟು ಹಾಗೇ ಉಳಿಯಿತು. ರಜೆಯ ದಿನ ಕಾಮಾಕ್ಷಮ್ಮ ತೋಟದ ಅಂಚಿನಲ್ಲಿ ಏನು ಮಾಡುತ್ತಿದ್ದಳು? ಪಿಕಿಂಗ್ ಮಾಡುವಾಗ ಸತ್ತಳು ಅಂತ ದೂರಿನಲ್ಲಿ ಬರೆದಿತ್ತು. ಯಾರೂ ಪ್ರಶ್ನೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹೆಣದ ಹತ್ತಿರ ಪಿಕಿಂಗ್ ಚೀಲ ಇರಲಿಲ್ಲ ಅನ್ನುವುದು ಈಗ ನೆನಪಾಗುತ್ತಿದೆ. ಅವಳ ಮುಷ್ಟಿಯಲ್ಲಿ ಒಂದು ಒದ್ದೆ ಬಟ್ಟೆ ಇತ್ತು. ತಲೆಗೆ ಕಟ್ಟಿದ್ದು ಜಾರಿರಬೇಕು ಅಂದುಕೊಂಡು ಹಾಗೇ ಬರೆಸಿದ್ದೆ.

“ಮಹೇಶ, ಜೀಪು ತೆಗಿ,” ಅಂದೆ.

ಮಹೇಶ್ ನಮ್ಮ ಡ್ರೈವರು, ಕೊಡ್ಲಿಪೇಟೆಯವನು. ಸ್ಟೇರಿಂಗ್ ಹಿಡಿದ ಮೇಲೆ ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ. ಊರು ದಾಟಿ ತಿರುವುಗಳು ಶುರುವಾಗುವ ಹೊತ್ತಿಗೆ ಅವನ ಕೇಸು ಡೈರಿಯೂ ಶುರುವಾಯಿತು.

“ಅಲ್ಲ ಮೇಡಮ್ಮೋರೆ, ಆ ಎಸ್ಟೇಟಲ್ಲಿ ಆಳುಗಳ್ನ ನೋಡ್ಕೊಳ್ಳೋ ರೈಟರ್ ಬೋಜಪ್ಪ ಇದಾರಲ್ಲ, ಈ ಹುಡುಗಿಗೆ ಸ್ವಂತ ಸೋದರಮಾವ ಅಂತೆ ಕಣ್ರಿ. ಭಾಗಮಂಡಲದ ಕಡೆ ಅರೆಭಾಷೆಯೋರು. ಅಪ್ಪ ಹೋದ್ಮೇಲೆ ಓದ್ಸಿದ್ದೂ ಅವ್ರೇಯ. ಈ ಸೈರನ್ನ ಮೊದ್ಲು ಹಾಕ್ಸಿದ್ದೂ ಆಯಪ್ಪನ ಎಸ್ಟೇಟಲ್ಲೇಯ.”

“ಇದನ್ನ ಯಾವಾಗ ಹೇಳ್ಬೇಕು ಅಂತಿದ್ದೆ ನೀನು?”

“ನೀವು ಕೇಳ್ಳಿಲ್ವಲ್ರೀ.”

ಬೈಯುವಷ್ಟು ತ್ರಾಣವೂ ಇರಲಿಲ್ಲ. ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಹುಡುಗಿಯ ಬಿಗಿದ ತುಟಿಗೆ ಕಾರಣ ಸಿಕ್ಕಿತ್ತು. ಓದಿಸಿದ ಮಾವ. ಹೆಸರು ಹೇಳಿದರೆ ಅವನ ಕೆಲಸ ಹೋಗುತ್ತದೆ, ಅದರ ಜೊತೆ ಎಸ್ಟೇಟು ಕೊಟ್ಟ ಮನೆಯೂ ಹೋಗುತ್ತದೆ.

ಬೆಳ್ಳಿಗುಡ್ಡದಲ್ಲಿ ಕಣದ ತುಂಬ ಕಾಫಿ ಒಣಗುತ್ತಿತ್ತು. ಹೆಂಗಸರು ಸಾಲಾಗಿ ನಿಂತು ಕಾಲಲ್ಲಿ ಕೆದರುತ್ತಿದ್ದರು. ಜೀಪು ಕಂಡದ್ದೇ ಅವರ ಮಾತು ನಿಂತಿತು. ಬೋಜಪ್ಪ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಅರವತ್ತರ ಹತ್ತಿರದ ಒಣಕಲು ಆಳು, ತಲೆಗೆ ಉಣ್ಣೆ ಟೋಪಿ. ನಾಲ್ಕು ದಿನದಿಂದ ನಿದ್ದೆ ಮಾಡದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

“ಬನ್ನಿ ಮೇಡಂ. ಕಾಫಿ ಹೇಳ್ಲಾ?”

“ಬೇಡ. ಸೋಮವಾರ ಪಿಕಿಂಗ್ ಇತ್ತಾ ಬೋಜಪ್ಪನವರೇ?”

“ಎಂಥ ಪಿಕಿಂಗ್? ಸಂತೆ ದಿನ ಅಲ್ವಾ.”

“ಮತ್ತೆ ಕಾಮಾಕ್ಷಮ್ಮ ಅಲ್ಲಿಗೆ ಯಾಕೆ ಹೋಗಿದ್ಲು?”

“ಸೌದೆಗೆ ಹೋಗಿರ್ಬೇಕು. ಹೋಗ್ತಾರೆ. ಬೇಡ ಅಂದ್ರೆ ಕೇಳೋದಿಲ್ಲ.”

“ಸೌದೆಗೆ ಹೋಗೋರು ಒದ್ದೆ ಬಟ್ಟೆ ಹಿಡ್ಕೊಂಡು ಹೋಗ್ತಾರಾ?”

ಅವರು ಕಣದ ಕಡೆ ನೋಡಿದರು. ಹೆಂಗಸರು ಕೆದರುವುದನ್ನೂ ನಿಲ್ಲಿಸಿದ್ದರು. “ನೀವೆಂಥ ನೋಡೋದು? ಕೆಲಸ ಮಾಡಿ,” ಎಂದು ಗದರಿ ನನ್ನನ್ನು ಗೋದಾಮಿನ ಒಳಗೆ ಕರೆದುಕೊಂಡು ಹೋದರು. ಒಳಗೆ ಚೀಲದ ಅಟ್ಟಿ, ಗೋಣಿಯ ವಾಸನೆ. ಕೂರಲು ಒಂದೇ ಸ್ಟೂಲು. ನಾನೇ ಕೂತೆ.

“ಸೋಮವಾರ ಸೈರನ್ ಬಂದ್ ಮಾಡ್ಲಿಕ್ಕೆ ಹೇಳಿದ್ದು ನೀವು,” ಅಂದೆ.

“ಯಾರು ಹೇಳಿದ್ದು ಹಾಗೆ? ಅವಳು ಹೇಳಿದ್ಲಾ?”

“ಅವಳು ಹೇಳಿಲ್ಲ. ಬೆಳಿಗ್ಗೆಯಿಂದ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ. ನಿಮ್ಮ ಹೆಸರು ಹೇಳಿಲ್ಲ, ಹೇಳೋ ಹಾಗೂ ಕಾಣಲ್ಲ.”

“ಹಾಗಾದ್ರೆ ನಿಮಗೆಂಥ ಗೊತ್ತು?”

“ಗೊತ್ತಿರೋದು ಇಷ್ಟೇ. ಸಂಜೆ ಅವಳನ್ನ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ. ಬೇಕಂತಲೇ ಸೈರನ್ ನಿಲ್ಲಿಸಿ ಒಬ್ಬಳ ಜೀವ ತೆಗೆದಳು ಅಂತ ಓದ್ತಾರೆ. ಅಲ್ಲಿಂದ ಜೈಲು. ನೀವು ಓದಿಸಿದ ಮಗು ಬೋಜಪ್ಪನವರೇ. ಸುಮ್ಮನಿರ್ತೀರೋ, ಮಾತಾಡ್ತೀರೋ, ನಿಮಗೆ ಬಿಟ್ಟಿದ್ದು.”

ಅವರು ಟೋಪಿ ತೆಗೆದು ಕೈಯಲ್ಲಿ ಹಿಂಡಿದರು. ಆಮೇಲೆ ಚೀಲದ ಅಟ್ಟಿಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತರು.

“ಆ ಕ್ಯಾಮರಾಕ್ಕೆ ಜೇಡ ಬಲೆ ಕಟ್ತದೆ ಮೇಡಂ. ಇಬ್ಬನಿ ಬೇರೆ. ವಾರಕ್ಕೊಂದ್ಸಲ ಒರೆಸ್ಲೇಬೇಕು. ಒರೆಸ್ಲಿಕ್ಕೆ ಯಾರಾದ್ರೂ ಕೈ ತಂದ ಕೂಡ್ಲೇ ಅದು ಫೋಟೊ ತೆಗೀತದೆ. ಹತ್ರದಿಂದ ಕೈ, ಸೆರಗು, ಎಲ್ಲ ದೊಡ್ಡದಾಗಿ ಕಾಣ್ತದಲ್ಲ, ಆನೆ ಅಂತಲೇ ಸೈರನ್ ಹೊಡೀತದೆ. ಅದು ಹೊಡೆದ್ರೆ ರೈಟರ್ ಎಲ್ಲಿದ್ರೂ ಓಡಿ ಬಂದು ನೋಡ್ಬೇಕು ಅಂತ ಧಣಿಗಳ ಆರ್ಡರ್. ಕೆಲಸದ ದಿನ ಹೊಡೆದ್ರೆ ಆಳುಗಳೆಲ್ಲ ಚೀಲ ಬಿಸಾಡಿ ಓಡ್ತಾರೆ, ಮತ್ತೆ ಕರೆಯೋದು ಯಾರು? ಅದಕ್ಕೆ ಸಂತೆ ದಿನ ಒರೆಸೋದು ಅಂತ ಮಾಡಿದೆ. ಆ ದಿನ ಅದನ್ನ ಮಲಗಿಸಿಬಿಡು ಮಗ ಅಂತ ಇವಳಿಗೆ ಹೇಳಿದೆ.”

“ಒರೆಸ್ತಿದ್ದದ್ದು ಕಾಮಾಕ್ಷಮ್ಮ.”

“ಅವಳಿಗೆ ಸಂತೆ ಗಲಾಟೆ ಆಗ್ತಿರ್ಲಿಲ್ಲ. ಲೈನಲ್ಲೇ ಇರ್ತಿದ್ಲು. ಅದಕ್ಕೆ ಅವಳಿಗೇ ಹೇಳಿದ್ದೆ.” ಟೋಪಿಯಿಂದ ಕಣ್ಣೊರೆಸಿಕೊಂಡರು. “ನಾನು ಸಂತೆಯಲ್ಲಿದ್ದೆ ಮೇಡಂ. ಒಣಮೀನು ತಗೊಂಡು, ಪರಿಚಯದವರ ಹತ್ರ ಎರಡು ಮಾತಾಡ್ತಾ ನಿಂತಿದ್ದೆ. ವಾರಕ್ಕೆ ಅದೊಂದೇ ದಿನ ನಂಗೆ ನೆಮ್ಮದಿ. ಮಧ್ಯಾಹ್ನ ಬಸ್ಸಿಳೀವಾಗ ಗೇಟ್ ಹತ್ರ ಜನ ಸೇರಿತ್ತು.”

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ವಾರಕ್ಕೊಂದು ದಿನ ಯಾರೂ ಕೂಗದಿದ್ದರೆ ಸಾಕು ಅಂತ ನನಗೂ ಎಷ್ಟೋ ಸಲ ಅನಿಸಿದೆ. ಮೋಡದಲ್ಲಿನ ಲೈನು ಕಟ್ಟಿದವಳಿಗೆ ಆನೆಗೆ ಸಂತೆ ದಿನ ಇಲ್ಲ ಅನ್ನುವುದು ಹೊಳೆಯಲಿಲ್ಲ. ಆನೆಗಳ ನಡುವೆಯೇ ಮುದುಕನಾದವರಿಗೂ ಹೊಳೆಯಲಿಲ್ಲ. ಕಾಫಿ ಹಣ್ಣಾಗುವ ಕಾಲದಲ್ಲಿ ಎಲ್ಲರೂ ದಣಿದಿರುತ್ತಾರೆ, ದಣಿದವರು ಸುಲಭದ ದಾರಿ ಹುಡುಕುತ್ತಾರೆ. ಅದಕ್ಕೆ ಒಂದು ಜೀವ ಹೋಯಿತು.

“ಇದನ್ನೆಲ್ಲ ಬರೆದುಕೊಳ್ತೀನಿ,” ಅಂದೆ. “ನಿಮ್ಮ ಕೆಲಸಕ್ಕೆ ಸಂಚಕಾರ ಬರಬಹುದು.”

“ಬರ್ಲಿ. ಮಗುವನ್ನ ಮನೆಗೆ ಕಳಿಸಿ ಮೇಡಂ. ಅವಳ ಅಮ್ಮನಿಗೆ ನಾನು ಎಂಥ ಮುಖ ತೋರಿಸ್ಲಿ?” ಎಂದು ಕೈಮುಗಿದರು.

ಬರೆದುಕೊಂಡೆ. ಹೊರಡುವಾಗ ಜೀಪಿನ ತನಕ ಬಂದು ಬಾಗಿಲು ಹಾಕಿದರು. ಕಣದ ಹೆಂಗಸರು ಅವರನ್ನೇ ನೋಡುತ್ತಿದ್ದರು. ಒಬ್ಬಳೂ ಅವರ ಹತ್ತಿರ ಬರಲಿಲ್ಲ. ಆಗ ಅದಕ್ಕೆ ನಾನು ಹೆಚ್ಚಿನ ಅರ್ಥ ಕಲ್ಪಿಸಲಿಲ್ಲ.

ಠಾಣೆಗೆ ಬಂದಾಗ ಬೆಂಚು ಖಾಲಿ ಇತ್ತು. ಪ್ರವೀಣ್ ಊಟಕ್ಕೆ ಹೋದವನು ಬಂದಿಲ್ಲ ಅಂತ ಮಹಿಳಾ ಪೇದೆ ಹೇಳಿದಳು. ಇನ್ನು ಅವನ ಅಗತ್ಯವೂ ನನಗಿರಲಿಲ್ಲ. ಬಹಳ ದಿನದ ಮೇಲೆ ಹೆಗಲು ಸ್ವಲ್ಪ ಹಗುರಾಗಿತ್ತು. ಶ್ವೇತಳ ಮುಂದೆ ಜಾಮೀನಿನ ಕಾಗದ ಇಟ್ಟು ಪೆನ್ನು ಕೊಟ್ಟೆ.

“ನಿನ್ನ ಮಾವ ಎಲ್ಲ ಹೇಳಿದ್ರು. ಕ್ಯಾಮರಾ ಒರೆಸೋ ವಿಷಯ, ಸಂತೆ ದಿನ ಮಲಗಿಸೋಕೆ ಕೇಳಿದ್ದು, ಎಲ್ಲ. ಸೈನ್ ಮಾಡಿ ಮನೆಗೆ ಹೋಗು.”

ಅವಳ ಕಣ್ಣು ತುಂಬಿತು. “ಮಾವನೇ ಹೇಳಿದ್ರಾ? ಅವರೇ ಬಾಯಿಬಿಟ್ಟು ಹೇಳಿದ್ರಾ?”

“ಹೂಂ. ಪಾಪ, ಕೂತು ಅತ್ತರು.”

“ನಂಗೊತ್ತಿತ್ತು ಮೇಡಂ, ಹೇಳ್ತಾರೆ ಅಂತ. ಅದಕ್ಕೇ ಕಾಯ್ತಾ ಇದ್ದೆ.” ಅವಳು ಪೆನ್ನು ಎತ್ತಿಕೊಂಡಳು. “ಫೋನಿನ ವಿಷಯ ಎಂಥ ಹೇಳಿದ್ರು?”

“ಯಾವ ಫೋನು?”

ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

“ಸೋಮವಾರ ಬೆಳಿಗ್ಗೆ ಎಲ್ಲಿದ್ದೆ ಅಂದ್ರು ಮಾವ?”

“ಸಂತೇಲಿ. ಮಧ್ಯಾಹ್ನ ಬಂದದ್ದು ಅಂದ್ರು. ಯಾಕೆ?”

ಶ್ವೇತ ಪೆನ್ನು ಕೆಳಗಿಟ್ಟಳು. ಹೋಗು ಅಂದರೂ ಏಳದ ಆರೋಪಿಯನ್ನು ನಾನು ನೋಡಿರಲಿಲ್ಲ.

“ಗಂಟೆ ಮಲಗಿದ್ರೂ ಕಣ್ಣು ಎದ್ದೇ ಇರ್ತದೆ ಮೇಡಂ,” ಅಂದಳು. “ಅದರ ಫೋಟೊ ನನ್ನ ಮೊಬೈಲಿಗೆ ಬರ್ತದೆ. ಸೋಮವಾರ ಬಂತು. ಸಲಗ, ಎದುರಿಗೇ. ಈಗ ಸೈರನ್ ಆಗ್ತದೆ ಅಂತ ನಾನು ಸುಮ್ಮನೆ ಕೂತಿದ್ದೆ. ಆಮೇಲೆ ನೆನಪಾಯ್ತು, ಇವತ್ತು ಸೋಮವಾರ, ನಾನೇ ಮಲಗಿಸಿದ್ದೇನೆ ಅಂತ. ಕಾಮಾಕ್ಷಮ್ಮ ಒರೆಸ್ಲಿಕ್ಕೆ ಹೋಗೋ ಹೊತ್ತು ಅದು. ಲ್ಯಾಪ್‌ಟಾಪ್ ತೆಗೆದು ಗಂಟೆಯನ್ನ ಎಬ್ಬಿಸ್ಲಿಕ್ಕೆ ಹೊತ್ತಾಗ್ತದೆ ಅಂತ ಅವಳಿಗೆ ಫೋನ್ ಮಾಡಿದೆ. ಓಡು ಅಂತ ಹೇಳ್ಲಿಕ್ಕೆ.”

“ಎತ್ತಿದ್ಲಾ?”

“ಮಾವ ಎತ್ತಿದ್ರು.”

ನಾನು ಕುರ್ಚಿಗೆ ಒರಗಿದ್ದವಳು ಮುಂದೆ ಬಾಗಿದೆ.

“ನಿನಗೆ ಆ ದನಿ ಚೆನ್ನಾಗಿ ಗೊತ್ತಾ?”

“ಆ ದನಿ ಕೇಳಿಯೇ ಬೆಳೆದವಳು ನಾನು. ಆನೆ ಕ್ಯಾಮರಾ ಹತ್ರ ಉಂಟು ಮಾವ, ಅವಳನ್ನ ಕಳಿಸಬೇಡಿ ಅಂದೆ. ‘ಆತ್ ಮಗ, ನಾ ಹೇಳ್ನೆ’ ಅಂದ್ರು. ಹೇಳ್ತಾರೆ ಅಂತ ನಂಬಿ ಬಿಟ್ಟೆ. ಅವಳು ಸತ್ತ ಮೇಲೂ, ಹೇಳಿರ್ತಾರೆ, ಅವಳಿಗೆ ಓಡ್ಲಿಕ್ಕೆ ಆಗ್ಲಿಲ್ಲವೇನೋ ಅಂತಲೇ ಅಂದುಕೊಂಡೆ. ಅವರ ಬಾಯಿಂದಲೇ ಬರ್ಲಿ ಅಂತ ಕಾದೆ.”

“ಶ್ವೇತ, ಕೇಳಿಲ್ಲಿ,” ಅಂದೆ. “ಇದನ್ನ ನಾನು ಬರೆದರೆ ನಿನ್ನ ಮಾವ ಸುಳ್ಳು ಹೇಳಿದ ಹಾಗೆ. ಅವರ ಮಾತಿಗೆ ಬೆಲೆ ಹೋಯ್ತು ಅಂದ್ರೆ ಸಂತೆ ದಿನಕ್ಕೆ ಅವರೇ ಕೇಳಿದ್ದು ಅನ್ನೋದೂ ಹೋಯ್ತು. ನಿನ್ನನ್ನ ಬಿಡ್ಲಿಕ್ಕೆ ನನ್ನ ಹತ್ರ ಇರೋದು ಅದೊಂದೇ. ಆಮೇಲೆ ಆನೆ ಇರೋದು ಗೊತ್ತಿದ್ದವಳು ನೀನೊಬ್ಬಳೇ ಆಗ್ತೀಯ. ಕಾಮಾಕ್ಷಮ್ಮನ ಫೋನೂ ಸಿಕ್ಕಿಲ್ಲ, ಎತ್ತಿದ್ದು ನಿನ್ನ ಮಾವ ಅನ್ನೋದಕ್ಕೆ ಸಾಕ್ಷಿ ಇಲ್ಲ. ಜೈಲಿಗೆ ಹೋಗ್ತೀಯ, ಇವತ್ತೇ.”

“ಗೊತ್ತು.”

“ಸೈನ್ ಮಾಡಿ ಹೋಗು. ನಾಳೆ ಯೋಚನೆ ಮಾಡಿ ಬಾ.” ಪೊಲೀಸಿನವಳು ಆಡಬಾರದ ಮಾತು ಅದು. ಆಡಿಬಿಟ್ಟೆ.

ಅವಳು ಜಾಮೀನಿನ ಕಾಗದವನ್ನು ನನ್ನ ಕಡೆಗೆ ಸರಿಸಿದಳು.

“ಬರ್ಕೊಳ್ಳಿ ಮೇಡಂ. ಇನ್ನೊಂದು ಉಂಟು. ನಾಲ್ಕು ದಿನದಿಂದ ನಾನು ತಪ್ಪು ಕೇಳಿಸಿಕೊಂಡೆ ಅಂತ ನನಗೆ ನಾನೇ ಹೇಳ್ತಾ ಇದ್ದೆ. ಮಾವ ಫೋನ್ ಕಟ್ ಮಾಡೋ ಮುಂಚೆ ಕಾಮಾಕ್ಷಮ್ಮನ ದನಿ ಕೇಳಿಸ್ತು. ಅವರ ಪಕ್ಕದಲ್ಲೇ ಇದ್ಲು. ‘ಯಾರದು ರೈಟ್ರೇ ಫೋನು?’ ಅಂದ್ಲು.”

“ಅದಕ್ಕೆ?”

“‘ಯಾರೂ ಅಲ್ಲ, ನೀನು ಹೋಗಿ ಒರೆಸು’ ಅಂದ್ರು ಮಾವ.”